ಬಳ್ಳಾರಿಗೆ ಹೊರಟಿದ್ದ ಕಾರು

ಕಾರು ಇನ್ನೂ ರಸ್ತೆಯಿಂದ ನನ್ನ ಶೆಡ್ಡಿಗೆ ತಿರುಗುತ್ತಿರುವಾಗಲೇ ಅದರ ಕಂಪ್ರೆಸರ್ ಸದ್ದು ಕಿವಿಗೆ ಬಿತ್ತು. ತಗಡಿನ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅನ್ನುತ್ತಿತ್ತು. ಎಸಿ ಆಫ್ ಮಾಡಿದ ಕೂಡಲೇ ನಿಂತಿತು. ಏನು ಕಾದಿದೆ ಅನ್ನುವುದು ಆಗಲೇ ಅರ್ಧ ಗೊತ್ತಾಯಿತು.

ಮೂಡಿಗೆರೆಯಲ್ಲಿ ನನ್ನದು ಗಾಡಿಗಳ ಎಸಿ ಮಾತ್ರ ನೋಡುವ ಸಣ್ಣ ವರ್ಕ್‌ಶಾಪ್. ಈ ಕಡೆ ಎಸಿ ಯಾರಿಗೆ ಬೇಕು ಎಂದು ನಗುವವರು ಇದ್ದಾರೆ. ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವವರಿಗೆ ಬೇಕು, ಕಡೂರು ದಾಟಿ ಬಯಲಿಗೆ ಹೋಗುವವರಿಗೆ ಬೇಕು. ಮೇ ತಿಂಗಳಲ್ಲಂತೂ ಒಂದು ಗಾಡಿ ಹೊರಡುವ ಮೊದಲು ಇನ್ನೊಂದು ಬಂದು ನಿಲ್ಲುತ್ತದೆ.

ಕಾರಿನಿಂದ ಇಳಿದವರು ಜಾವಳಿ ಕಡೆಯ ಸಣ್ಣ ಬೆಳೆಗಾರರು. ಮುಖಪರಿಚಯ ಇತ್ತು, ಗೌಡ್ರು ಎಂದೇ ನಾನು ಕರೆಯುತ್ತಿದ್ದದ್ದು. ಅವರ ಹೆಂಡತಿ ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತಿದ್ದರು. ಹಿಂದಿನ ಸೀಟಿನಲ್ಲಿ ಬಟ್ಟೆಯ ಬ್ಯಾಗು, ನೀರಿನ ಕ್ಯಾನು.

"ಗ್ಯಾಸ್ ಕಮ್ಮಿಯಾಗಿದೆ ಅನ್ಸುತ್ತೆ ಮಾರಾಯ್ರೆ. ಸ್ವಲ್ಪ ಬೇಗ ಹಾಕಿಕೊಡಿ. ಬಳ್ಳಾರಿಗೆ ಹೋಗ್ಬೇಕು, ಈಗಲೇ."

"ಈ ಬಿಸಿಲಲ್ಲಾ?"

ಅವರು ನನ್ನನ್ನು ಬಾನೆಟ್ಟಿನ ಈಚೆಗೆ ಕರೆದುಕೊಂಡು ದನಿ ತಗ್ಗಿಸಿದರು. "ಅವಳ ತಾಯಿಗೆ ಸೀರಿಯಸ್. ಅವಳ ತಮ್ಮ ಬೆಳಗ್ಗೆ ಫೋನ್ ಮಾಡಿದ್ದ. ಇವಳಿಗೆ ಮೈ ಬೆವರಲ್ಲ, ಎಸಿ ಇಲ್ದೆ ಹೋಗೋ ಹಾಗಿಲ್ಲ."

ಆಮೇಲೆ ಕೆಲಸದ ನಡುನಡುವೆ ಅವರು ಉಳಿದದ್ದನ್ನು ಹೇಳಿದರು. ಕೆಲವು ವರ್ಷಗಳ ಹಿಂದೆ ಅಡಿಕೆ ಬೇಯಿಸುವ ಹಂಡೆ ಮಗುಚಿ ಕುದಿಯುವ ನೀರೆಲ್ಲ ಅವರ ಹೆಂಡತಿಯ ಮೈಮೇಲೆ ಬಿದ್ದಿತ್ತು. ಕುತ್ತಿಗೆಯ ಕೆಳಗೆ, ಬೆನ್ನು, ಎರಡೂ ತೋಳು. ಮಂಗಳೂರಿನಲ್ಲಿ ತಿಂಗಳುಗಟ್ಟಲೆ ಆಸ್ಪತ್ರೆ. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿದರು. ಜೀವ ಉಳಿಯಿತು, ಆದರೆ ಹಾಗೆ ಹಚ್ಚಿದ ಚರ್ಮದಲ್ಲಿ ಬೆವರು ಬರುವುದಿಲ್ಲ. ಬಿಸಿಲಿಗೆ ಹೋದರೆ ಮೈಯೊಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲ. ಒಮ್ಮೆ ಹಾಸನದ ಹತ್ತಿರ ಬಾಡಿಗೆ ಟ್ಯಾಕ್ಸಿಯ ಎಸಿ ಕೈಕೊಟ್ಟು, ಅವರು ಸೀಟಿನಲ್ಲೇ ಪ್ರಜ್ಞೆ ತಪ್ಪಿ ಬಿದ್ದು ಆಸ್ಪತ್ರೆ ಸೇರಿದ್ದರು. ಆ ಮೇಲೆಯೇ ಇವರು ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು, ಎಸಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ.

ಆ ಆಸ್ಪತ್ರೆಯ ದಿನಗಳಲ್ಲಿ ಮಂಚದ ಪಕ್ಕದಲ್ಲಿ ಇದ್ದದ್ದು ಬಳ್ಳಾರಿಯ ತಾಯಿ. ಡ್ರೆಸ್ಸಿಂಗ್ ಬಿಚ್ಚುವಾಗ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರಂತೆ. "ನಾನು ಹೊರಗೆ ಓಡಿಹೋಗ್ತಿದ್ದೆ. ನನ್ ಕೈಲಿ ನೋಡೋಕಾಗ್ತಿರಲಿಲ್ಲ. ಆ ಮುದುಕಿ ಒಂದು ದಿನಾನೂ ಎದ್ದು ಹೋಗಲಿಲ್ಲ" ಎಂದರು ಗೌಡ್ರು.

ನಾನು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿದೆ. ಎರಡೂ ಮುಳ್ಳು ಕೆಳಗೇ ಇದ್ದವು. ಗ್ಯಾಸ್ ಕಮ್ಮಿ, ಅದು ನಿಜ. ಕಂಪ್ರೆಸರಿನ ಮುಂಭಾಗಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಶಾಫ್ಟ್ ಸೀಲಿನ ಸುತ್ತ ಎಣ್ಣೆಯ ಜಿಡ್ಡು, ಅದರ ಮೇಲೆ ಮೆತ್ತಿಕೊಂಡ ಧೂಳು. ಅಲ್ಲಿಂದಲೇ ಸೋರುತ್ತಿದೆ. ಎಷ್ಟು ಸಲ ಗ್ಯಾಸ್ ಹಾಕಿಸಿದ್ದೀರಿ ಎಂದು ಕೇಳಿದೆ. ಹೋದ ವರ್ಷ ಒಮ್ಮೆ, ಈ ವರ್ಷ ಒಮ್ಮೆ, ಊರಿಗೆ ಹೋಗುವ ದಾರಿಯಲ್ಲಿ ಎಲ್ಲೋ. ಎಣ್ಣೆ ಹಾಕಿದರೇ ಎಂದು ಕೇಳಿದ್ದಕ್ಕೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಎಂಜಿನ್ನಿಗೆ ಇರುವ ಹಾಗೆ ಎಸಿ ಕಂಪ್ರೆಸರಿಗೂ ಅದರದೇ ಎಣ್ಣೆ ಇರುತ್ತದೆ. ಆದರೆ ಅದು ಒಂದೇ ಕಡೆ ನಿಲ್ಲುವುದಿಲ್ಲ. ಗ್ಯಾಸಿನ ಜೊತೆ ಬೆರೆತು ಪೈಪು, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ಸುತ್ತಿ ಮತ್ತೆ ಕಂಪ್ರೆಸರಿಗೆ ಬರುತ್ತದೆ. ಗ್ಯಾಸ್ ಸೋರಿದರೆ ಜೊತೆಗೆ ಎಣ್ಣೆಯೂ ಸೋರಿರುತ್ತದೆ. ಬರೀ ಗ್ಯಾಸ್ ತುಂಬಿದರೆ ಗಾಳಿ ತಣ್ಣಗೆ ಬರುತ್ತದೆ, ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ.

ಉಳಿದಿದ್ದ ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಂಡು, ಕಂಪ್ರೆಸರಿಗೆ ಬರುವ ಪೈಪಿನ ಬೋಲ್ಟ್ ಬಿಚ್ಚಿದೆ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೆ ಒರೆಸಿ ತೆಗೆದೆ. ಕೊಬ್ಬರಿ ಎಣ್ಣೆಯ ಹಾಗೆ ತಿಳಿಯಾಗಿರಬೇಕಾದ್ದು ಡಿಕಾಕ್ಷನ್‌ನಂತೆ ಕಪ್ಪಗಿತ್ತು. ಬಿಸಿಲಿಗೆ ಹಿಡಿದರೆ ಅದರಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಮಿನುಗಿತು. ಕಂಪ್ರೆಸರ್ ತನ್ನನ್ನು ತಾನೇ ತಿನ್ನುತ್ತಿತ್ತು.

ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಸ್ವಲ್ಪ ಹೊಸ ಎಣ್ಣೆ ಸೇರಿಸಿ, ಗ್ಯಾಸ್ ತುಂಬಿ ಕಳಿಸುವುದು. ಊಟದ ಹೊತ್ತಿಗೆ ಹೊರಡಬಹುದು. ಮೂಡಿಗೆರೆ ಬಿಡುವಾಗ ತಣ್ಣಗೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಇನ್ನೊಂದು, ಎಲ್ಲವನ್ನೂ ಇಳಿಸಿ, ತೊಳೆದು, ಬೇರೆ ಕಂಪ್ರೆಸರ್ ಕೂರಿಸುವುದು. ಸಾಮಾನು ಮಂಗಳೂರಿನಿಂದ ಬರಬೇಕು. ಏನೇ ಮಾಡಿದರೂ ನಾಳೆ ಬೆಳಗ್ಗೆ.

ಗೌಡ್ರು ಬಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಹೇಗಾದ್ರೂ ಒಂದು ಸಲ ಮುಟ್ಟಿದ್ರೆ ಸಾಕಲ್ಲ. ವಾಪಸ್ ಬಂದ ಮೇಲೆ ಪೂರ್ತಿ ಮಾಡಿಸ್ತೀನಿ."

"ಮುಟ್ಟಬಹುದು ಗೌಡ್ರೆ. ಆದ್ರೆ ನಡುವೆ ಕಂಪ್ರೆಸರ್ ತಿರುಗದೆ ಹಿಡ್ಕೊಂಡ್ರೆ ಬೆಲ್ಟ್ ಹರಿಯುತ್ತೆ. ಈ ಗಾಡಿಲಿ ಎಂಜಿನ್ ತಣ್ಣಗಿಡೋ ನೀರಿನ ಪಂಪೂ ಅದೇ ಬೆಲ್ಟಲ್ಲಿ. ಎಸಿ ಮಾತ್ರ ಅಲ್ಲ, ಗಾಡಿನೇ ನಿಲ್ಲುತ್ತೆ. ಚಿತ್ರದುರ್ಗ ದಾಟಿ ಚಳ್ಳಕೆರೆ ಬಯಲಲ್ಲಿ ಮಧ್ಯಾಹ್ನ ನಿಂತ್ರೆ ಏನು ಮಾಡ್ತೀರಿ?"

ಟ್ಯಾಕ್ಸಿ ನೋಡಿದೆವು. ಮದುವೆ ಸೀಸನ್. ಮೂಡಿಗೆರೆ, ಕೊಟ್ಟಿಗೆಹಾರ, ಚಿಕ್ಕಮಗಳೂರು, ನನಗೆ ಗೊತ್ತಿದ್ದ ಡ್ರೈವರುಗಳಿಗೆಲ್ಲ ನಾನೇ ಫೋನ್ ಮಾಡಿದೆ. ಕೆಲವರು ಗಾಡಿ ಇಲ್ಲ ಅಂದರು, ಕೆಲವರು ಎಸಿ ಅಷ್ಟಕ್ಕಷ್ಟೇ ಅಂತ ಪ್ರಾಮಾಣಿಕವಾಗಿ ಹೇಳಿದರು. ಒಬ್ಬ ಮರುದಿನ ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದ. ನನ್ನ ಹಳೇ ವ್ಯಾನಿಗೆ ಎಸಿಯೇ ಇಲ್ಲ.

ಇಷ್ಟರಲ್ಲಿ ಗೌಡ್ರ ಹೆಂಡತಿ, ಆ ಅಕ್ಕ, ಕಾರಿನಿಂದ ಇಳಿದು ಶೆಡ್ಡಿನ ನೆರಳಿಗೆ ಬಂದು ನಿಂತಿದ್ದರು. ತೋಳಿನ ಚರ್ಮ ಸುಕ್ಕಾಗಿ, ನುಣ್ಣಗೆ, ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತಿತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅವರು ನೇರ ನನ್ನನ್ನೇ ಕೇಳಿದರು.

"ಅಣ್ಣ, ಈ ಗಾಡಿಲಿ ನಿಮ್ಮನೆಯವರು ಹೋಗೋದಿದ್ರೆ ಏನು ಮಾಡ್ತಿದ್ರಿ?"

ಬೇಗ ಉತ್ತರ ಕೊಡಬೇಕೆಂದು ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಒಂದು ಕಡೆ ಸಾಯುತ್ತಿರುವ ತಾಯಿ. ಇನ್ನೊಂದು ಕಡೆ ಈ ಚರ್ಮ.

"ಕಳಿಸ್ತಿರಲಿಲ್ಲ ಅಕ್ಕ" ಎಂದೆ.

ಅವರು ಗಂಡನ ಕೈಯಿಂದ ಕೀ ತೆಗೆದುಕೊಂಡು ನನ್ನ ಟೇಬಲ್ಲಿನ ಮೇಲೆ ಇಟ್ಟರು. "ಹಾಗಾದ್ರೆ ಬಿಚ್ಚಿ."

ಗೌಡ್ರಿಗೆ ಕೋಪ ಬಂತು. ಯಾರ ಮೇಲೆಂದು ಅವರಿಗೂ ಗೊತ್ತಿರಲಿಲ್ಲ. ನಾನೊಬ್ಬನೇ ಬಸ್ಸಿಗೆ ಹೋಗುತ್ತೇನೆ ಅಂದರು. "ನೀವು ಹೋಗಿ ಏನು ಮಾಡ್ತೀರಿ? ಅವ್ವ ಕೇಳ್ತಿರೋದು ನನ್ನ" ಎಂದರು ಹೆಂಡತಿ. ತಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಅವನು ಫೋನನ್ನು ತಾಯಿಯ ಮುಖದ ಹತ್ತಿರ ಹಿಡಿದ. ನಾನು ಪೈಪು ಬಿಚ್ಚುತ್ತಾ ಆ ಕಡೆ ನೋಡಬಾರದು ಅಂದುಕೊಂಡರೂ ದನಿ ಕೇಳಿಸಿತು. ಬಹಳ ಸಣ್ಣ ದನಿ. "ಈ ಫೋನಿನಾಗ ಬ್ಯಾಡ. ಬಾ ಅನ್ನು." ಅಕ್ಕ ನಾಳೆ ಬರ್ತೀನವ್ವ ಎಂದು ಎರಡು ಮೂರು ಸಲ ಹೇಳಿದರು. ಆ ಕಡೆಗೆ ಕೇಳಿಸಿತೋ ಇಲ್ಲವೋ.

ಮಂಗಳೂರಿನ ಅಂಗಡಿಗೆ ಫೋನ್ ಮಾಡಿ ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪಾನ್ಷನ್ ವಾಲ್ವ್, ಡ್ರೈಯರ್, ಸೀಲ್ ಮಾಡಿದ ಹೊಸ ಎಣ್ಣೆಯ ಟಿನ್ನು, ಎಲ್ಲವನ್ನೂ ಮಧ್ಯಾಹ್ನದ ಬಸ್ಸಿಗೆ ಹಾಕಲು ಹೇಳಿದೆ. ಕಂಡೆನ್ಸರ್ ಯಾಕೆ, ಅದು ಚೆನ್ನಾಗಿದೆಯಲ್ಲ ಎಂದು ಅಂಗಡಿಯವರು ಕೇಳಿದರು. ಅದರ ಒಳಗಿನ ದಾರಿಗಳು ಕೂದಲಿನಷ್ಟು ಸಣ್ಣ. ಅಲ್ಲಿ ಕೂತ ಲೋಹದ ಪುಡಿಯನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯಲಾಗುವುದಿಲ್ಲ. ಒಂದು ಚೂರು ಉಳಿದರೂ ಹೊಸ ಕಂಪ್ರೆಸರ್ ಹಳೆಯದರ ಹಾದಿ ಹಿಡಿಯುತ್ತದೆ.

ಸಂಜೆ ಸ್ವಲ್ಪ ತಂಪಾದ ಮೇಲೆ ಗಂಡಹೆಂಡತಿ ನೆಂಟರೊಬ್ಬರ ಜೀಪಿನಲ್ಲಿ ಜಾವಳಿಗೆ ಹೋದರು. ರಾತ್ರಿ ಅದರಲ್ಲೇ ಬಳ್ಳಾರಿಗೆ ಹೋಗೋಣವೆಂದರೆ ಅದಕ್ಕೂ ಎಸಿ ಇಲ್ಲ, ಬಯಲಿನಲ್ಲಿ ಮೇ ತಿಂಗಳ ರಾತ್ರಿಯೂ ಕಾವು ಇಳಿಯುವುದಿಲ್ಲ. ನಾನು ಪೈಪುಗಳನ್ನೂ ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲನ್ನೂ ತೊಳೆಯುವ ದ್ರಾವಣ ಬಿಟ್ಟು, ನೈಟ್ರೋಜನ್ ಒತ್ತಡದಲ್ಲಿ ಊದಿ ಊದಿ ತೊಳೆದೆ. ಮೊದಲು ಬಂದದ್ದು ಕಪ್ಪು, ಆಮೇಲೆ ಬೂದು, ಆಮೇಲೆ ಚಹಾದ ಬಣ್ಣ. ಹಿಡಿದ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಲಿಲ್ಲ.

ಬಸ್ಸು ಹೊತ್ತಿಗೆ ಬರಲಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಹಾಕಿಕೊಂಡು ಎರಡೂ ಕಡೆ ಸಾಲು ನಿಂತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾದು, ಕಂಡಕ್ಟರ್ ಕೈಯಿಂದ ಬಾಕ್ಸ್ ಇಳಿಸಿಕೊಂಡು ಬರುವಾಗ ದೀಪ ಹಚ್ಚಿಯಾಗಿತ್ತು. ಬಾಕ್ಸ್ ಬಿಚ್ಚಿದರೆ ಕಂಪ್ರೆಸರ್ ಸರಿಯಾದದ್ದೇ, ಆದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೀರು ಒಂದು ಕಮ್ಮಿ. ನಮ್ಮ ಬೆಲ್ಟ್ ಕೂರುವುದಿಲ್ಲ. ವಾಪಸ್ ಕಳಿಸಿ ಬೇರೆ ತರಿಸಿದರೆ ಇನ್ನೊಂದು ದಿನ ಹೋಗುತ್ತದೆ. ಹಳೆಯದರ ಪುಲ್ಲಿಯನ್ನೂ ಕ್ಲಚ್ಚನ್ನೂ ಎಳೆದು ತೆಗೆದು ಹೊಸದಕ್ಕೆ ಕೂರಿಸಿದೆ. ಎರಡರ ನಡುವೆ ಬಿಡಬೇಕಾದ ಸಂದು ಸರಿಹೋಗಲು ಸುಮಾರು ಹೊತ್ತು ಹಿಡಿಯಿತು.

ಹೊಸ ಕಂಪ್ರೆಸರಿನಲ್ಲಿ ಬಂದಿದ್ದ ಎಣ್ಣೆಯನ್ನು ಪೂರ್ತಿ ಬಗ್ಗಿಸಿ ಅಳತೆಯ ಲೋಟಕ್ಕೆ ಸುರಿದು ನೋಡಿದೆ. ಅದರ ಮೇಲೆ ನಂಬಿಕೆಯಿಟ್ಟು ಹಾಗೆಯೇ ಹಾಕಬಾರದು. ಈ ಎಣ್ಣೆಗೆ ಗಾಳಿಯಲ್ಲಿರುವ ನೀರು ಹೀರುವ ಗುಣ ಇದೆ. ನಮ್ಮ ಊರಿನ ಗಾಳಿಯಲ್ಲಿ ಒಮ್ಮೆ ಮುಚ್ಚಳ ತೆಗೆದ ಟಿನ್ನನ್ನು ಮತ್ತೆ ಬಳಸುವ ಹಾಗಿಲ್ಲ. ಹೊಸ ಟಿನ್ನು ಒಡೆದು, ಇಡೀ ಸಿಸ್ಟಮ್ ತೊಳೆದು ಒಣಗಿಸಿದ್ದರಿಂದ ಪೂರ್ತಿ ಅಳತೆಯ ಎಣ್ಣೆ ಹಾಕಿದೆ. ಕಮ್ಮಿಯಾದರೆ ಉಜ್ಜುತ್ತದೆ, ಜಾಸ್ತಿಯಾದರೆ ಕಾಯಿಲಿನೊಳಗೆ ನಿಂತು ತಂಪು ಕಡಿಮೆಯಾಗುತ್ತದೆ. ಶಾಫ್ಟನ್ನು ಕೈಯಲ್ಲೇ ನಿಧಾನ ತಿರುಗಿಸಿ ಎಣ್ಣೆ ಎಲ್ಲ ಕಡೆ ಹರಡುವ ಹಾಗೆ ಮಾಡಿದೆ. ಎಲ್ಲ ಜೋಡಿಸಿ, ಸೋರಿಕೆ ಇದ್ದರೆ ಗೊತ್ತಾಗಲೆಂದು ನೈಟ್ರೋಜನ್ ತುಂಬಿ, ಗೇಜಿನ ಮುಳ್ಳು ನಿಂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಬಾಗಿಲು ಎಳೆದುಕೊಂಡೆ.

ಬೆಳಗ್ಗೆ ನಾನು ಬರುವ ಮೊದಲೇ ಅವರಿಬ್ಬರೂ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. "ಮನೇಲಿ ಕೂರೋಕಾಗಲಿಲ್ಲ" ಎಂದರು ಅಕ್ಕ. "ರಾತ್ರಿ ಎರಡು ಚಮಚ ನೀರು ಕುಡಿದ್ಳಂತೆ ಅವ್ವ."

ಬಾಗಿಲು ತೆಗೆದು ಗೇಜ್ ನೋಡಿದೆ. ಮುಳ್ಳು ಗುರುತಿಗಿಂತ ಸ್ವಲ್ಪ ಕೆಳಗಿತ್ತು.

ಸ್ವಲ್ಪವೇ. ಗ್ಯಾಸ್ ತುಂಬಿ ಕಳಿಸಿದರೆ ಬಳ್ಳಾರಿಗೆ ಹೋಗಿಬರಲು ಏನೂ ತೊಂದರೆಯಾಗದು ಅನ್ನುವಷ್ಟು. ಆದರೆ ಹಳೆಯ ಕಂಪ್ರೆಸರೂ ಸತ್ತದ್ದು ಇಂಥದ್ದೇ ಸೋರಿಕೆಯಿಂದ. ಸೋಪಿನ ನೀರು ಹಚ್ಚುತ್ತಾ ಪ್ರತಿ ಜಾಯಿಂಟೂ ನೋಡಿದೆ. ಕೊನೆಗೆ ಕೂಲಿಂಗ್ ಕಾಯಿಲಿಗೆ ಹೋಗುವ ಜಾಯಿಂಟಿನಲ್ಲಿ, ಕೈ ಸರಿಯಾಗಿ ತೂರದ ಜಾಗದಲ್ಲಿ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒಳಗಿನ ರಬ್ಬರ್ ರಿಂಗ್ ಕೂರಿಸುವಾಗ ಅಂಚು ಸೀಳಿತ್ತು. ಹೊಸದಕ್ಕೆ ಅದೇ ಎಣ್ಣೆ ಸವರಿ ಕೂರಿಸಿ, ಮತ್ತೆ ಒತ್ತಡ ಕೊಟ್ಟು ಕಾದೆ. ಈ ಸಲ ಮುಳ್ಳು ಅಲ್ಲಾಡಲಿಲ್ಲ.

ಇನ್ನು ಉಳಿದದ್ದು ವ್ಯಾಕ್ಯೂಮ್. ಒಳಗಿನ ಗಾಳಿ, ತೇವ ಎಲ್ಲವನ್ನೂ ಪಂಪಿನಿಂದ ಎಳೆದು ತೆಗೆಯಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ಪಂಪ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ವಾಲ್ವ್ ಮುಚ್ಚಿ ಪಕ್ಕದ ಶಾಮಿಯಾನದ ಅಂಗಡಿಗೆ ಓಡಿದೆ. ಅವರ ಜನರೇಟರ್ ಮದುವೆಗೆ ಹೋಗುವುದಕ್ಕೆ ಪಿಕಪ್ ಹತ್ತಿಯಾಗಿತ್ತು. ವಿಷಯ ಹೇಳಿದೆ. ಅವರು ಕೂಡಲೇ ಹುಡುಗರಿಗೆ ಇಳಿಸಲು ಹೇಳಿದರು.

ಪಂಪ್ ಮತ್ತೆ ಶುರುವಾಯಿತು. ಜನರೇಟರ್ ಗದ್ದಲದಲ್ಲಿ ಫೋನ್ ಬಂದದ್ದು ನನಗೆ ಕೇಳಿಸಲೇ ಇಲ್ಲ. ತಿರುಗಿ ನೋಡಿದಾಗ ಅಕ್ಕ ಫೋನನ್ನು ಕಿವಿಯಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಗೌಡ್ರು ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವರ ಮೊಣಕಾಲು ಹಿಡಿದುಕೊಂಡಿದ್ದರು. ಯಾರೂ ಹೇಳಬೇಕಾಗಿರಲಿಲ್ಲ.

ನಾನು ಜನರೇಟರ್ ನಿಲ್ಲಿಸಲು ಕೈಹಾಕಿದೆ. ಅಂಥ ಸದ್ದಿನಲ್ಲಿ ಅಳುವುದಾದರೂ ಹೇಗೆ ಎಂದು. ಅಕ್ಕ ಕೈಯೆತ್ತಿ ಬೇಡ ಎಂದರು. ಹತ್ತಿರ ಹೋದೆ.

"ಇನ್ನು ಅವಸರ ಇಲ್ಲ ಅಣ್ಣ. ಸರಿಯಾಗಿ ಮಾಡಿ" ಎಂದರು.

ಅವರು ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ ಅದು. ಹಾಗೆ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ತಮ್ಮ ಮತ್ತೆ ಫೋನ್ ಮಾಡಿ, ಫ್ರೀಜರ್ ಬಾಕ್ಸ್ ತರಿಸುತ್ತಿದ್ದೇವೆ, ನಾಳೆ ಬೆಳಗ್ಗೆವರೆಗೂ ಇಡುತ್ತೇವೆ, ಅಕ್ಕ ಬರದೆ ಮಣ್ಣು ಮಾಡುವುದಿಲ್ಲ ಎಂದನಂತೆ. ವ್ಯಾಕ್ಯೂಮ್ ಮುಗಿಯಿತು. ಮುಳ್ಳು ಬಿದ್ದಲ್ಲೇ ನಿಂತಿತು. ಗ್ಯಾಸ್ ತೂಗಿ ತುಂಬಿದೆ. ಎಂಜಿನ್ ಹಾಕಿ ಎಸಿ ಬಟನ್ ಒತ್ತಿದಾಗ ಕ್ಲಚ್ ಟಕ್ ಎಂದು ಹಿಡಿಯಿತು, ಆಮೇಲೆ ಸದ್ದೇ ಇಲ್ಲ. ಕಿಟಕಿ ಮುಚ್ಚಿದ ಕಾರಿನೊಳಗೆ ಕೂತು ನೋಡಿದೆ. ಬೆರಳಿನ ತುದಿ ಕೊರೆಯುವಷ್ಟು ತಂಪು. ಎಂದಿನ ದಿನವಾಗಿದ್ದರೆ ಅದೊಂದು ಖುಷಿ. ಅವತ್ತು ಆ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುವಾಗ ಇಳಿದು ಅವರನ್ನು ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಇಳಿದು ಕೀಯನ್ನು ಗೌಡ್ರ ಕೈಗೆ ಕೊಟ್ಟೆ.

ಅವರು ಹೊರಟರು. ಚಳ್ಳಕೆರೆಯಿಂದ ಗೌಡ್ರು ಫೋನ್ ಮಾಡಿದರು. "ಹೊರಗೆ ಬೆಂಕಿ ಮಾರಾಯ್ರೆ. ಒಳಗೆ ತಂಪಿದೆ. ಅವಳು ಮಲಗಿದ್ದಾಳೆ." ಕತ್ತಲಾಗುವುದರೊಳಗೆ ಊರು ಮುಟ್ಟಿದೆವು ಎಂದು ಆಮೇಲೆ ಒಂದು ಮೆಸೇಜ್ ಬಂತು.

ನಾನು ಹಳೆಯ ಕಂಪ್ರೆಸರನ್ನು ಗುಜರಿಗೆ ಹಾಕದೆ ಬೆಂಚಿನ ವೈಸ್‌ಗೆ ಬಿಗಿದು ಬಿಚ್ಚಿದೆ. ಯಾರೂ ಕೇಳಿರಲಿಲ್ಲ, ನನಗೇ ಗೊತ್ತಾಗಬೇಕಿತ್ತು. ಒಳಗೆ ಎಣ್ಣೆ ಅನ್ನುವುದು ತಳಕ್ಕೆ ಅಂಟಿದ ಕಪ್ಪು ಜಿಡ್ಡು ಮಾತ್ರ. ಪಿಸ್ಟನ್‌ಗಳ ಮೇಲೆ ಉಗುರಿಗೆ ಸಿಗುವ ಗೀರು. ಬೇರಿಂಗ್ ಸಡಿಲ. ಹಿಡಿದುಕೊಳ್ಳಲು ಸಿದ್ಧವಾಗಿತ್ತು, ನಿಜ. ಆದರೆ ಯಾವಾಗ? ಕಡೂರಿನಲ್ಲೇ ಹಿಡಿಯಬಹುದಿತ್ತು. ಬಳ್ಳಾರಿಗೆ ಹೋಗಿ ಬಂದ ಮೇಲೆ ಹಿಡಿಯಬಹುದಿತ್ತು. ಎಷ್ಟು ಹೊತ್ತು ತಿರುಗಿಸಿ ನೋಡಿದರೂ ಆ ಲೋಹ ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಗೌಡ್ರು ಫೋನ್ ಮಾಡಿದರು. "ನಾಳೆ ಆ ಕಡೆ ಬರ್ತೀವಿ. ಅವಳು ನಿಮ್ಮನ್ನ ಕೇಳ್ತಾಳೆ, ಅವತ್ತೇ ಗ್ಯಾಸ್ ಹಾಕಿ ಕಳಿಸಿದ್ರೆ ಮುಟ್ಟುತ್ತಿತ್ತಾ ಅಂತ. ಮುಟ್ಟುತ್ತಿರಲಿಲ್ಲ ಅಂತ ಹೇಳಿಬಿಡಿ ಮಾರಾಯ್ರೆ. ದಯವಿಟ್ಟು." ಆಯ್ತು ಎಂದೆ.

ಅವರು ಬಂದರು. ಅಕ್ಕ ಛತ್ರಿ ಮಡಚಿ ಒಳಗೆ ಬಂದು ನನ್ನ ಟೇಬಲ್ಲಿನ ಮೇಲೆ ಬಿಚ್ಚಿಟ್ಟಿದ್ದ ತುಂಡುಗಳನ್ನು ನೋಡಿದರು. "ಇದೇನಾ ಅದು?"

"ಹೌದು."

"ಅವತ್ತೇ ಹೊರಟಿದ್ರೆ ಇದು ನಮ್ಮನ್ನ ಮುಟ್ಟಿಸ್ತಿತ್ತಾ?"

ಹಿಂದೆ ನಿಂತಿದ್ದ ಗೌಡ್ರ ಮುಖ ನೋಡಿದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ.

"ಗೊತ್ತಿಲ್ಲ ಅಕ್ಕ. ಮುಟ್ಟಿಸಿದ್ರೂ ಮುಟ್ಟಿಸ್ತಿತ್ತು. ಬಿಚ್ಚಿ ನೋಡಿದ್ರೂ ಗೊತ್ತಾಗ್ತಿಲ್ಲ."

ಅವರು ಒಂದು ತುಂಡನ್ನು ಎತ್ತಿ ನೋಡಿ ಮತ್ತೆ ಇಟ್ಟರು. ಶೀಟಿನ ಮೇಲೆ ಮಳೆ ಸುರಿಯುತ್ತಿತ್ತು. ಆಮೇಲೆ ಗಂಡನ ಕಡೆ ತಿರುಗದೆಯೇ ಹೇಳಿದರು. "ಇವರು ನಿಮಗೆ ಬೇರೆ ಥರ ಹೇಳೋಕೆ ಹೇಳಿರ್ಬೇಕು. ಇರಲಿ. ಯಾರಿಗೂ ಗೊತ್ತಿಲ್ಲ ಅಂದ್ರೆ ನಾನೂ ಅದನ್ನ ಎತ್ತಿಕೊಂಡು ತಿರುಗೋದು ಬಿಡ್ತೀನಿ."

ಕೂತುಕೊಂಡರು. ನಾನು ಕೇಳದಿದ್ದರೂ ಆ ಊರಿನ ವಿಷಯ ತೆಗೆದರು. ಹಂಚಿನ ಮನೆ, ಸಂಜೆಯಾದರೂ ಗೋಡೆಯಿಂದ ಕಾವು ಹೊಡೆಯುತ್ತಿತ್ತಂತೆ. ತುಂಬಿದ ಜನ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ತಲೆ ತಿರುಗಿ, ತಮ್ಮ ಎಳೆದು ಹೊರಗೆ ಕಾರಿನಲ್ಲಿ ಕೂರಿಸಲು ಬಂದನಂತೆ. ಇವರು ಹೋಗಲಿಲ್ಲ. ಫ್ರೀಜರ್ ಬಾಕ್ಸಿನ ಪಕ್ಕ ನೆಲದ ಮೇಲೆ ಕೂತು, ಅದರ ಗಾಜಿಗೆ ತೋಳನ್ನೂ ಕೆನ್ನೆಯನ್ನೂ ಒತ್ತಿಟ್ಟುಕೊಂಡರಂತೆ.

"ಗಾಜು ತಣ್ಣಗಿತ್ತು. ಹಾಗೇ ಒರಗಿಕೊಂಡು ಬೆಳಗಿನ ತನಕ ಕೂತಿದ್ದೆ. ಆ ಮನೇಲಿ ಬೇರೆ ಎಲ್ಲೇ ಆಗಿದ್ರೂ ಆ ಸೆಕೆಗೆ ಕೂರೋಕೆ ಆಗ್ತಿರಲಿಲ್ಲ" ಎಂದರು. ಅಷ್ಟೇ. ಅಳಲಿಲ್ಲ. ಗೌಡ್ರು ಬಾಗಿಲ ಹತ್ತಿರ ಹೋಗಿ ಮಳೆ ನೋಡುತ್ತಾ ನಿಂತರು.

ಹೊರಡುವ ಮುಂಚೆ ನಾನು ಬಾನೆಟ್ ಎತ್ತಿ ಸೀಲಿನ ಸುತ್ತ ಬೆರಳಾಡಿಸಿ ನೋಡಿದೆ. ಜಿಡ್ಡಿರಲಿಲ್ಲ. ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ.

"ಮಳೆಗಾಲ ಅಂತ ಬಿಡಬೇಡಿ ಅಕ್ಕ. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಎಸಿ ಹಾಕಿ ಓಡಿಸಿ. ಇಲ್ದಿದ್ರೆ ಎಣ್ಣೆ ಒಂದೇ ಕಡೆ ನಿಂತು ಸೀಲ್ ಒಣಗುತ್ತೆ."

"ಹಾಕ್ತೀನಿ" ಎಂದರು. ಬಾಗಿಲು ಎಳೆದುಕೊಂಡು, ಕಿಟಕಿಯ ಗಾಜು ಅರ್ಧ ಇಳಿಸಿದರು. ಮಳೆಯ ಗಾಳಿ ಅವರ ಕೂದಲನ್ನು ಹಾರಿಸಿತು.

"ಆದ್ರೆ ಅಣ್ಣ, ಇನ್ನು ಆ ಬಿಸಿಲಿಗೆ ಬಾ ಅಂತ ನನ್ನ ಕರೆಯೋರು ಯಾರೂ ಇಲ್ಲ."